ಗಾಳಿ ಸೋಕಬಾರದ ತೊಟ್ಟಿ

ಜೂನ್ 2, ಸೋಮವಾರ

ಪ್ರಯೋಗಾಲಯದ ಪುಸ್ತಕದಲ್ಲಿ ಅಂಕಿಗಳಿಗೆ ಮಾತ್ರ ಜಾಗ. ಉಳಿದದ್ದನ್ನು ಎಲ್ಲಾದರೂ ಇಳಿಸದಿದ್ದರೆ ಮನೆಗೆ ಹೋಗಿ ನಮ್ಮ ಯಜಮಾನರ ತಲೆ ತಿನ್ನುತ್ತೇನೆ. ಅದಕ್ಕೇ ಈ ನೋಟ್‌ಬುಕ್ಕು.

ಹಳೆಯ ಆಪರೇಟರ್ ನಿವೃತ್ತನಾಗಿ ಹೋದ. ಒಂಬತ್ತು ವರ್ಷ ಅವನ ಮಾತಿನ ಮೇಲೆ ಊರಿಗೆ ನೀರು ಶುದ್ಧಮಾಡಿ ಬಿಡುವ ಈ ನೀರಿನ ಮನೆ ನಡೆದಿತ್ತು. ಇವತ್ತು ಹೊಸಬ ಬಂದ. ನಲವತ್ತೈದರ ಆಸುಪಾಸು. ಮಾತು ಕಡಿಮೆ. ಮಾತಾಡುವಾಗ ನನ್ನ ಮುಖ ನೋಡದೆ ನನ್ನ ಕೈಯಲ್ಲಿರುವ ಬಾಟಲಿ ನೋಡುತ್ತಾನೆ. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು.

"ಹಿಂದಿನ ಕೆಲಸ ಯಾಕೆ ಬಿಟ್ರಿ?" ಎಂದು ಕೇಳಿದೆ.

"ಬಿಡ್ಬೇಕಾಗಿ ಬಂತು ಮೇಡಂ."

ಬಿಡಬೇಕಾಗಿ ಬಂತು ಎಂದರೆ ಬಿಡಿಸಿದರು ಎಂದೇ ಅಲ್ಲವೇ? ಆರು ತಿಂಗಳು ಪರೀಕ್ಷೆಯ ಮೇಲಿದ್ದಾನೆ, ನೋಡೋಣ.

ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ವಿವರಿಸಿದೆ. ನಮ್ಮ ಕೊಳವೆಬಾವಿಗಳ ನೀರು ನೋಡಲು ಕನ್ನಡಿಯಂತಿದ್ದರೂ ಲೀಟರಿಗೆ ತೊಂಬತ್ತು ಮಿಲಿಗ್ರಾಂ ನೈಟ್ರೇಟ್ ಇದೆ. ಹೊಲಗಳಿಗೆ ಹಾಕಿದ ಗೊಬ್ಬರ ವರ್ಷಗಟ್ಟಲೆ ಇಳಿದು ಸೇರಿದ್ದು. ಐವತ್ತು ದಾಟಿದ ನೀರನ್ನು ಊರಿಗೆ ಬಿಡುವಂತಿಲ್ಲ. ದೊಡ್ಡವರಿಗೆ ಗೊತ್ತೇ ಆಗುವುದಿಲ್ಲ. ಪುಡಿಹಾಲು ಕುಡಿಯುವ ಎಳೆಗೂಸುಗಳಿಗೆ ಮಾತ್ರ ರಕ್ತ ಉಸಿರನ್ನು ಹೊರಲಾರದೆ ತುಟಿ ನೀಲಿಗಟ್ಟುತ್ತದೆ. ಆ ನೈಟ್ರೇಟನ್ನು ತೆಗೆಯುವವು ತೊಟ್ಟಿಯೊಳಗಿನ ಜಲ್ಲಿಗೆ ಲೋಳೆಯಂತೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ. ನಾನು ಅವುಗಳನ್ನು ಒಳಗಿನ ಮಂದಿ ಎನ್ನುತ್ತೇನೆ. ಗಾಳಿ ಸಿಗದ ಕಡೆ ಅವು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಕಿತ್ತು ಉಸಿರಾಡುತ್ತವೆ, ಉಳಿದ ಸಾರಜನಕ ಗುಳ್ಳೆಯಾಗಿ ಎದ್ದು ಹೋಗುತ್ತದೆ. ಊಟಕ್ಕೆ ಡ್ರಮ್ಮಿನಿಂದ ದಿನಾ ಇಷ್ಟು ಎಂದು ಸ್ಪಿರಿಟ್ ಹನಿಸುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ. "ಕುಡಿಯೋ ಸ್ಪಿರಿಟ್ಟಾ ಮೇಡಂ?"

"ಕುಡಿಯೋದು ಅವು. ನೀವಲ್ಲ" ಎಂದೆ. ಅವನು ನಗಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ.

ಜೂನ್ 5, ಗುರುವಾರ

ನೀರನ್ನು ತಳದಿಂದ ಎತ್ತಿ ಮತ್ತೆ ತೊಟ್ಟಿಯ ತಲೆಗೆ ತರುವ ವಾಪಸು ಪಂಪು ಇದೆಯಲ್ಲ, ಅದು ಓಡುತ್ತಿದೆಯೋ ಇಲ್ಲವೋ ನನ್ನ ಕುರ್ಚಿಯಿಂದ ಕಾಣುವುದಿಲ್ಲ. ಪೈಪಿನ ಬಾಯಿ ನೀರೊಳಗೆ ಮುಳುಗಿರುತ್ತದೆ. ಹಳೆಯವನಿದ್ದಾಗ ಅದನ್ನು ನೋಡಬೇಕೆಂದು ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿದೆ. ಅವನು ಮನೆಗೆ ಹೋದ ಮೇಲೆ ಫಿಟ್ಟರನ್ನು ಕರೆಸಿ ಪೈಪನ್ನು ತುಂಡು ಮಾಡಿಸಿದೆ. ಈಗ ನೀರು ಎದೆಯೆತ್ತರದಿಂದ ಧೋ ಎಂದು ಬೀಳುತ್ತದೆ. ಕಿಟಕಿಯಿಂದ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಅವನು ಪಂಪು ನಿಲ್ಲಿಸಿ ಕೂತಿದ್ದಾನೋ ಇಲ್ಲವೋ ತಿಳಿಯುತ್ತದೆ.

ನೈಟ್ರೇಟ್ 18. ಎಂದಿನಂತೆ.

ಜೂನ್ 10, ಮಂಗಳವಾರ

ನಿನ್ನೆ 27, ಇವತ್ತು 31. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಇಪ್ಪತ್ತೈದು ದಾಟಿದ ನೀರಲ್ಲ ಇದು. ಎರಡು ಸಲ ನೋಡಿದೆ, ರಾಸಾಯನಿಕದ ಹೊಸ ಬಾಟಲಿ ತೆರೆದು ಮೂರನೇ ಸಲ ನೋಡಿದೆ. ಅಂಕಿ ಸರಿಯಾಗಿದೆ. ಅಂದರೆ ಒಳಗಿನ ಮಂದಿಗೆ ಹೊಟ್ಟೆ ತುಂಬುತ್ತಿಲ್ಲ. ಡ್ರಮ್ಮಿನಿಂದ ಸ್ಪಿರಿಟ್ ಎಂದಿನಷ್ಟೇ ಇಳಿಯುತ್ತಿದೆ. ಹಾಗಾದರೆ ಅದು ಹೋಗುತ್ತಿರುವುದು ಯಾರ ಹೊಟ್ಟೆಗೆ?

ಪೆಪ್ಪರ್‌ಮಿಂಟು ಯಾಕೆ ಎಂಬುದು ಈಗ ಹೊಳೆಯಿತು.

ಜೂನ್ 13, ಶುಕ್ರವಾರ

38.

ಅವನ ಲಾಗ್ ಪುಸ್ತಕ ತೆರೆದು ನೋಡಿ ತಲೆ ಕೆಟ್ಟಿತು. ತೊಟ್ಟಿಯ ನೀರಿನಲ್ಲಿ ಕರಗಿದ ಆಮ್ಲಜನಕ ಎಂಬ ಕಾಲಮ್ಮಿನಲ್ಲಿ ವಾರವಿಡೀ 3.6, 3.8, 4 ಎಂದು ಗೀಚಿದ್ದಾನೆ. ಈ ತೊಟ್ಟಿಯಲ್ಲಿ ಅದು ಅರ್ಧ ಮಿಲಿಗ್ರಾಂಗಿಂತ ಮೇಲೆ ಹೋದದ್ದಿಲ್ಲ. ಮೀಟರಿನ ಹತ್ತಿರಕ್ಕೂ ಹೋಗದೆ ಬಾಯಿಗೆ ಬಂದದ್ದನ್ನು ಬರೆಯುವವರು ಕೊನೆಪಕ್ಷ ನಂಬುವಂಥದ್ದನ್ನಾದರೂ ಬರೆಯಬೇಡವೇ?

ಕರೆಸಿದೆ. "ಇದೇನು ಬರೆದಿದ್ದೀರಿ?"

"ಮೀಟರು ತೋರಿಸಿದ್ದು ಮೇಡಂ."

"ಮೀಟರು ತೋರಿಸ್ತೋ, ನೀವು ಮೀಟರಿಗೆ ತೋರಿಸಿದ್ರೋ?"

ಅವನ ಕಿವಿ ಕೆಂಪಾಯಿತು. "ಒಂದ್ಸಲ ನೀವೇ ಬಂದು ನೋಡ್ಬಹುದಲ್ಲ" ಅಂದ.

ಎದುರು ಮಾತು ಬೇರೆ. ಸಿಕ್ಕಿಬಿದ್ದವರು ಹೀಗೇ ಸವಾಲು ಹಾಕುವುದು. ಕೆಂಪು ಶಾಯಿಯಲ್ಲಿ ವಾರದ ಕಾಲಮ್ಮನ್ನೆಲ್ಲ ಅಡ್ಡ ಗೆರೆ ಎಳೆದು ಹೊಡೆದುಹಾಕಿದೆ. ನೋಡಲು ಹೋಗಲಿಲ್ಲ. ಅವನು ಕರೆದಲ್ಲಿಗೆಲ್ಲ ಹೋಗಲು ನನಗೇನು ಬೇರೆ ಕೆಲಸವಿಲ್ಲವೇ.

ಜೂನ್ 14, ಶನಿವಾರ

ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಇಪ್ಪತ್ತಾರು ದಿನ. ಮಗಳಿಗೆ ಎದೆಹಾಲು ಸಾಲುತ್ತಿಲ್ಲ, ಮೊನ್ನೆಯಿಂದ ಪುಡಿಹಾಲು ಶುರು ಮಾಡಿದ್ದಾರೆ. ಕೂಸು ಬಾಟಲಿಯನ್ನು ಕಚ್ಚಿ ಹಿಡಿದು, ಯಾರೋ ಕಿತ್ತುಕೊಳ್ಳಲು ಬಂದವರ ಹಾಗೆ ನನ್ನನ್ನೇ ಓರೆಗಣ್ಣಿನಿಂದ ನೋಡಿತು. "ಥೇಟ್ ನಿನ್ನ ಕಣ್ಣೇ ಅಮ್ಮ, ಯಾರನ್ನೂ ನಂಬಲ್ಲ" ಎಂದು ಮಗಳು ನಕ್ಕಳು.

ನೀರು 38 ಇದೆ, ಮಿತಿಯ ಒಳಗೇ ಇದೆ. ಆದರೂ ಪ್ರಯೋಗಾಲಯದಲ್ಲಿ ಅಣೆಕಟ್ಟಿನ ಲೈನಿನ ನಲ್ಲಿಯೊಂದಿದೆ, ಅದರಲ್ಲಿ ನೈಟ್ರೇಟ್ ನಾಲ್ಕೇ ನಾಲ್ಕು. ಎರಡು ಕ್ಯಾನು ತುಂಬಿಸಿಕೊಂಡು ಹೋಗಿದ್ದೆ.

"ಇದ್ಯಾಕಮ್ಮ?"

"ಪೈಪು ತೊಳೀತಿದ್ದಾರೆ, ಸ್ವಲ್ಪ ದಿನ ಇದನ್ನೇ ಬಳಸು."

ಇವರು ಕ್ಯಾನು ಹೊತ್ತು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ "ಇಷ್ಟು ವರ್ಷ ಸರ್ಕಾರ ಪೈಪಲ್ಲಿ ಕಳಿಸ್ತಿದ್ದ ನೀರನ್ನ ಈಗ ನಾನು ಹೆಗಲ ಮೇಲೆ ಕಳಿಸ್ಬೇಕಾಯ್ತಲ್ಲ" ಎಂದು ಗೊಣಗಿದರು.

ಜೂನ್ 17, ಮಂಗಳವಾರ

47. ಡ್ರಮ್ಮಿನ ಮುಚ್ಚಳಕ್ಕೆ ದಾರ ಬಿಗಿದು ಮೇಣ ಹಚ್ಚಿದ್ದೇನೆ, ಮಟ್ಟಕ್ಕೆ ಸೂಜಿಯಿಂದ ಗೆರೆ ಕೊರೆದಿದ್ದೇನೆ. ಅವನಿಗೆ ಗೊತ್ತಿಲ್ಲ.

ಮನೆಯಲ್ಲಿ ಸಕ್ಕರೆ ಡಬ್ಬಿ ಬೇರೆ ಜಾಗದಲ್ಲಿತ್ತು. ಯಾರು ಮುಟ್ಟಿದ್ದು ಎಂದು ಕೇಳಿದ್ದಕ್ಕೆ ಇವರು ಕನ್ನಡಕ ಹಣೆಗೇರಿಸಿ, "ಮನೇಲಿರೋದು ಇಬ್ರು. ನೀನಲ್ಲ ಅಂದ್ರೆ ತನಿಖೆ ಮುಗೀತು" ಅಂದರು. ಅಚ್ಚುಕೂಟದಲ್ಲಿ ಕರಡು ತಿದ್ದುವವರ ಹೆಂಡತಿಯಾಗಿ ಮೂವತ್ತು ವರ್ಷ. ಬೇರೆಯವರ ತಪ್ಪು ಹುಡುಕುವುದು ಅವರ ಕೆಲಸವೇ ಆಗಿದ್ದರೂ ನನ್ನನ್ನೇ ಹಾಸ್ಯ ಮಾಡುತ್ತಾರೆ.

ಜೂನ್ 18, ಬುಧವಾರ

56.

ನಿಯಮದ ಪ್ರಕಾರ ಮಿತಿ ದಾಟಿದ ದಿನವೇ ಎಂಜಿನಿಯರ್ ಸಾಹೇಬರಿಗೆ ತಿಳಿಸಬೇಕು. ಅವರು ಕೊಳವೆಬಾವಿಯ ನೀರು ನಿಲ್ಲಿಸಿ ಊರನ್ನು ಅಣೆಕಟ್ಟಿನ ಲೈನಿಗೆ ಹಾಕುತ್ತಾರೆ. ಹಾಕಿದರೆ ತೊಟ್ಟಿ ನಿಲ್ಲುತ್ತದೆ, ಡ್ರಮ್ಮಿಗೆ ಬೀಗ ಬೀಳುತ್ತದೆ, ಅವನು ಎಚ್ಚೆತ್ತುಕೊಂಡು ಹಾಲು ಕುಡಿದ ಬೆಕ್ಕಿನಂತೆ ಮುಖ ಒರೆಸಿಕೊಂಡು ಕೂರುತ್ತಾನೆ. ಕಾರಣ ಕೇಳಿದರೆ ನನ್ನ ಬಳಿ ಪುರಾವೆ ಎಲ್ಲಿದೆ? ಎರಡು ದಿನ ಸಾಕು. ಕೈಗೆ ಸಿಗುತ್ತಾನೆ.

ಪುಸ್ತಕದಲ್ಲಿ "ಮರುಪರೀಕ್ಷೆ ಬಾಕಿ" ಎಂದು ಬರೆದೆ. ಮರುಪರೀಕ್ಷೆ ಮಾಡಿದ್ದೆ. ಅದೂ 56 ಬಂದಿತ್ತು.

ಮಗಳ ಮನೆಗೆ ನಾಲ್ಕು ಕ್ಯಾನು.

ಜೂನ್ 19, ಗುರುವಾರ

60. ದಾರ ಹಾಗೇ ಇದೆ. ಮೇಣ ಒಡೆದಿಲ್ಲ. ಗೆರೆಯಿಂದ ಮಟ್ಟ ಇಳಿದದ್ದು ಲೆಕ್ಕಕ್ಕೆ ಸರಿಯಾಗಿ ಪಂಪು ಹನಿಸಿದಷ್ಟೇ.

ಹಾಗಾದರೆ ಪಂಪು ದಾಟಿದ ಮೇಲೆ ನಳಿಕೆ ಬಿಚ್ಚಿ ಹಿಡಿದುಕೊಳ್ಳುತ್ತಿರಬೇಕು. ಮೊದಲೇ ಹೊಳೆಯಬೇಕಿತ್ತು.

ಮಗಳು ಫೋನ್ ಮಾಡಿ "ಕೆಳಗಿನ ಮನೆಯವರಿಗೂ ಎರಡು ತಿಂಗಳ ಕೂಸಿದೆ, ಒಂದು ಕ್ಯಾನು ಅವರಿಗೆ ಕೊಟ್ಟೆ" ಅಂದಳು. ಸಿಟ್ಟು ಬಂತು. ಹೊತ್ತು ತರುವವರ ಕಷ್ಟ ಅವಳಿಗೇನು ಗೊತ್ತು? ನಮ್ಮದಕ್ಕೆ ಸಾಕಾಗುವಷ್ಟು ಇಟ್ಟುಕೋ ಎಂದು ಹೇಳಿದೆ.

ಜೂನ್ 20, ಶುಕ್ರವಾರ

ಸಿಕ್ಕ!

ನೈಟ್ರೇಟ್ 64. ಸಾಯಂಕಾಲ ಪಾಳಿ ಮುಗಿಯುವ ಹೊತ್ತಿಗೆ ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ಅವನು ಅತ್ತಿತ್ತ ನೋಡಿ, ತೊಟ್ಟಿಯ ಕಡೆಯಿಂದ ಬಂದು, ಗಾಜಿನ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟ. ನಾನೂ ಹೊರಟೆ. ಇಳಿಬಿಸಿಲಿಗೆ ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡು, ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ. ಈ ವಯಸ್ಸಿನಲ್ಲಿ ಇಂಥ ವೇಷ! ಕಂಡಕ್ಟರ್ "ಅಮ್ಮ, ಬಸ್ಸೊಳಗೆ ಮಳೆ ಬರ್ತಿಲ್ಲ, ಕೊಡೆ ಮಡಚಿ" ಎಂದು ಕೂಗಿದಾಗ ಗಡಬಡಿಸಿ ಮಡಚಿ ಸೀಟಿನ ಹಿಂದೆ ಬಗ್ಗಿದೆ. ಅವನು ತಿರುಗಲಿಲ್ಲ.

ಶಾಲೆಯ ಬೀದಿಯಲ್ಲಿ ಇಳಿದ. ಹಸಿರು ಬಾಗಿಲಿನ ಮನೆ. ಐವತ್ತರ ಹೆಂಗಸೊಬ್ಬಳು ಬಾಗಿಲು ತೆರೆದು, ಬಾಟಲಿ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದಳು! ಒಳ್ಳೆಯ ಮಾಲೋ ಅಲ್ಲವೋ ಎಂದು ಹೀಗೇ ನೋಡುವುದು. ಇಬ್ಬರೂ ಒಳಗೆ ಹೋದರು. ಕುಡಿಯುವುದೊಂದೇ ಅಲ್ಲ, ಮಾರುತ್ತಲೂ ಇದ್ದಾನೆ.

ವಾಪಸು ಬಂದು ಸಾಹೇಬರಿಗೆ ಎರಡು ಪುಟದ ದೂರು ಬರೆದು ಕಳಿಸಿದೆ. ಸ್ಪಿರಿಟ್ ಕಳವು, ಲಾಗ್ ಪುಸ್ತಕದಲ್ಲಿ ಸುಳ್ಳು ಅಂಕಿ, ಕರ್ತವ್ಯಲೋಪ. ಬರೆದ ಮೇಲೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಜೂನ್ 21, ಶನಿವಾರ

ಸಾಹೇಬರು ಫೋನಿನಲ್ಲಿ ಸಿಕ್ಕರು. "ದೂರು ಓದಿದೆ. ಸೋಮವಾರ ಬಂದು ನೋಡ್ತೀನಿ. ಅಂದಹಾಗೆ ನೈಟ್ರೇಟ್ ಹೇಗಿದೆ?"

"ಮರುಪರೀಕ್ಷೆ ನಡೀತಾ ಇದೆ ಸರ್."

"ಸರಿ ಸರಿ."

68.

ಜೂನ್ 23, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಿಂದ ಫೋನ್. ಮಕ್ಕಳ ವಾರ್ಡಿನ ದಾದಿ. ನಲವತ್ತು ದಿನದ ಗಂಡುಕೂಸು, ಎರಡು ದಿನದಿಂದ ಭೇದಿ, ಇವತ್ತು ತುಟಿ, ಉಗುರು ನೀಲಿ. ಪುಡಿಹಾಲು ಕುಡಿಯುತ್ತಿತ್ತಂತೆ. ತಾಯಿ ಶುದ್ಧವಾಗಲಿ ಎಂದು ನೀರನ್ನು ಅರ್ಧ ಗಂಟೆ ಕುದಿಸುತ್ತಿದ್ದಳಂತೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ.

"ಡಾಕ್ಟರು ಕೇಳ್ತಿದ್ದಾರೆ ಮೇಡಂ, ಈ ವಾರ ನೈಟ್ರೇಟ್ ಎಷ್ಟಿತ್ತು?"

"ಮಿತಿಯ ಆಸುಪಾಸು" ಎಂದೆ.

"ಆಸುಪಾಸು ಅಂದ್ರೆ ಒಳಗಾ, ಹೊರಗಾ?"

ಲೈನು ಸರಿಯಿಲ್ಲ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ಲೈನು ಸರಿಯಾಗಿಯೇ ಇತ್ತು. ಎಲ್ಲ ಅವನಿಂದ ಎಂದುಕೊಂಡೆ. ಎಷ್ಟು ಸಲ ಹೇಳಿಕೊಂಡರೂ ಕಣ್ಣು ಫೋನಿನ ಮೇಲೇ ಇತ್ತು.

ಮಧ್ಯಾಹ್ನ ಅಂಗಳಕ್ಕೆ ಬಂದರೆ ತೊಟ್ಟಿಯಿಂದ ಊರಿಗೆ ಹೋಗುವ ದೊಡ್ಡ ವಾಲ್ವು ಮುಚ್ಚಿದೆ, ಅಣೆಕಟ್ಟಿನದು ತೆರೆದಿದೆ. ಯಾರ ಅಪ್ಪಣೆ? ಹೊಸಬ ಚಕ್ರದ ಪಕ್ಕದಲ್ಲೇ ಕೈ ಒರೆಸುತ್ತ ನಿಂತಿದ್ದ.

"ಯಾರನ್ನ ಕೇಳಿ ಮುಚ್ಚಿದ್ರಿ?"

"ಯಾರನ್ನೂ ಕೇಳಲಿಲ್ಲ. ಕೇಳ್ಬೇಕಾದವರ ಮೇಲೆ ನಂಬಿಕೆ ಇರ್ಲಿಲ್ಲ."

"ಕಳ್ಳತನ ಮಾಡೋದು ನೀವು, ನಂಬಿಕೆ ಬಗ್ಗೆ ನನಗೆ ಹೇಳ್ತೀರಾ? ಬಾಟಲಿ ತಗೊಂಡು ಹೋಗಿದ್ದು ನಾನೇ ಕಣ್ಣಾರೆ ನೋಡಿದ್ದೀನಿ!"

"ಬಸ್ಸಲ್ಲಿ ಕೊಡೆ ಹಿಡ್ಕೊಂಡಿದ್ದು ನೀವೇನಾ ಮೇಡಂ?" ಎಂದು ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದ. "ಆ ಮನೆ ನಮ್ಮ ಅತ್ತಿಗೆದು. ಶಾಲೇಲಿ ರಸಾಯನಶಾಸ್ತ್ರ ಕಲಿಸ್ತಾರೆ. ಬಾಟಲೀಲಿದ್ದಿದ್ದು ಊರಿಗೆ ಬಿಡೋ ನೀರು."

ಹಾಳೆಯಲ್ಲಿ ದುಂಡಗಿನ ಅಕ್ಷರ. ಬುಧವಾರ 55. ಗುರುವಾರ 61. ಶುಕ್ರವಾರ 64. ಶನಿವಾರ 69.

"ನಿಮ್ಮ ಪುಸ್ತಕದಲ್ಲಿ ದಿನಾ ಮರುಪರೀಕ್ಷೆ ಬಾಕಿ. ನೀವು ಮಾತ್ರ ದಿನಾ ಅಣೆಕಟ್ಟಿನ ನಲ್ಲಿಯಿಂದ ಕ್ಯಾನು ತುಂಬ್ಕೊಂಡು ಹೋಗ್ತೀರಿ. ನಾನು ಏನಂತ ತಿಳ್ಕೋಬೇಕಿತ್ತು? ಹಿಂದಿನ ಕಡೆ ಅಂಕಿ ತಿದ್ದೋದನ್ನ ನೋಡ್ಕೊಂಡು ಆರು ತಿಂಗಳು ಬಾಯಿ ಮುಚ್ಕೊಂಡಿದ್ದೆ. ಆ ಕೆಲಸ ಬಿಟ್ಟಿದ್ದು ಅದಕ್ಕೇ. ಬೆಳಿಗ್ಗೆ ಆ ಫೋನಲ್ಲಿ ನೀವು ಮಾತಾಡಿದ್ದು ಹೊರಗೆ ಕೇಳಿಸ್ತು. ಇನ್ನೂ ಕಾಯೋಕೆ ನನ್ನಿಂದ ಆಗ್ಲಿಲ್ಲ."

ನನ್ನ ಬಾಯಿಂದ ಹೊರಟದ್ದು, "ಐದು ದಿನ ಮೊದಲೇ ಗೊತ್ತಿದ್ದರೂ ನೀವ್ಯಾಕೆ ಸುಮ್ಮನಿದ್ರಿ?"

"ನಿಮ್ಮನ್ನ ಹಿಡಿಯೋಕೆ ಇನ್ನೊಂದು ಅಂಕಿ ಬೇಕು ಅಂತ ಕಾದೆ" ಎಂದು ಅವನು ತಲೆ ತಗ್ಗಿಸಿದ. "ನಂದೂ ತಪ್ಪೇ."

ಆಮೇಲೆ ನಾನು ಒಳಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿ ಅಂಕಿಗಳನ್ನು ಒಂದೊಂದಾಗಿ ಹೇಳಿದೆ. ದಾದಿ ಬರೆದುಕೊಂಡಳು. "ಹೊರಗೆ" ಎಂದಷ್ಟೇ ಅಂದಳು.

ಊರಿಗೆಲ್ಲ ಸೂಚನೆ ಹೋಯಿತು: ಕೊಳಾಯಿಯಲ್ಲಿ ಹಳೆಯ ನೀರು ಖಾಲಿಯಾಗುವವರೆಗೆ ಕೂಸುಗಳಿಗೆ ಅದನ್ನು ಕೊಡಬೇಡಿ, ಕುದಿಸಿಯೂ ಕೊಡಬೇಡಿ.

ಸಾಹೇಬರು ಬರಲಿಲ್ಲ. ಮೀಟಿಂಗ್ ಅಂತೆ.

ಜೂನ್ 24, ಮಂಗಳವಾರ

ಬೀರುವಿನಿಂದ ನನ್ನದೇ ಕೈಮೀಟರು ತೆಗೆದುಕೊಂಡು ತೊಟ್ಟಿಯ ಹತ್ತಿರ ಹೋದೆ. ಹದಿನೈದು ದಿನ ಮೊದಲೇ ಹೋಗಬಹುದಿತ್ತು, ನಲವತ್ತು ಹೆಜ್ಜೆ. ಆಪರೇಟರ್ ತಂತಿಯನ್ನು ತಳದವರೆಗೆ ಇಳಿಬಿಟ್ಟರು. ಮುಳ್ಳು ನಿಂತದ್ದು 4.1ಕ್ಕೆ.

ಅವರು ಬರೆದಿದ್ದ ಅಂಕಿಗಳೆಲ್ಲ ನಿಜ. ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದು ಆ ಪುಸ್ತಕದಲ್ಲಿದ್ದ ಒಂದೇ ಒಂದು ಸುಳಿವನ್ನು.

"ನನಗೂ ಮೊದಲ ವಾರದಿಂದ ವಿಚಿತ್ರ ಅನ್ನಿಸ್ತಿತ್ತು" ಎಂದರು. ನೀರು ಬೀಳುವ ಸದ್ದಿನಲ್ಲಿ ಜೋರಾಗಿ ಮಾತಾಡಬೇಕಾಗಿತ್ತು. "ಮೇಡಂ, ದಡ್ಡತನದ ಪ್ರಶ್ನೆ. ಇಷ್ಟೆತ್ತರದಿಂದ ಬೀಳೋ ನೀರು ಗಾಳಿನ ಜೊತೆಗೇ ಎಳ್ಕೊಂಡು ಹೋಗೋದಿಲ್ವಾ? ನಾನು ಬಂದ ಹೊಸದ್ರಲ್ಲಿ ಈ ಸದ್ದು ಇರ್ಲಿಲ್ಲ ಅಲ್ವಾ?"

ಪೈಪಿನ ಕತ್ತರಿಸಿದ ಬಾಯಿ ನೋಡಿದೆ. ಕೆಳಗೆ ಹಾಲಿನ ನೊರೆಯಂತೆ ಬಿಳಿ ಗುಳ್ಳೆ. ಹತ್ತಿರ ಹತ್ತಿರ ಮೂರು ವಾರ ದಿನಕ್ಕೆ ನೂರು ಸಲ ಕಿಟಕಿಯಿಂದ ನೋಡಿದ್ದೇನೆ ಅದನ್ನು. ಪಂಪು ಓಡುತ್ತಿದೆ ಎಂಬುದೊಂದೇ ಕಂಡಿತ್ತು.

ಗಾಳಿ ಸಿಕ್ಕರೆ ಒಳಗಿನ ಮಂದಿಗೆ ನೈಟ್ರೇಟ್ ಯಾಕೆ ಬೇಕು? ಕಷ್ಟಪಟ್ಟು ಕಿತ್ತು ಉಸಿರಾಡುವ ಗರಜೇ ಇಲ್ಲ. ಸುಲಭವಾಗಿ ಸಿಕ್ಕ ಗಾಳಿ ಕುಡಿದು, ಹನಿಸಿದ ಸ್ಪಿರಿಟ್ಟನ್ನೂ ಪೂರ್ತಿ ತಿಂದು, ನೈಟ್ರೇಟನ್ನು ಹಾಗೇ ಮುಂದಕ್ಕೆ ಬಿಟ್ಟಿವೆ. ಡ್ರಮ್ಮಿನಿಂದ ಒಂದು ತೊಟ್ಟೂ ಕಳವಾಗಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟದ್ದು.

"ಇದನ್ನ ಕತ್ತರಿಸಿದ್ದು ನಾನು" ಎಂದೆ. "ನೀವು ಪಂಪು ನಿಲ್ಲಿಸ್ತೀರೇನೋ ಅಂತ ಅನುಮಾನ ಇತ್ತು."

ಅವರು ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. ಬೈಯಬಹುದು ಎಂದುಕೊಂಡೆ. "ಫಿಟ್ಟರಿಗೆ ಹೇಳ್ಲಾ, ಇಲ್ಲ ನಾನೇ ಸೇರಿಸ್ಲಾ?" ಎಂದರು.

ಅವರೇ ಸೇರಿಸಿದರು. ನಾನು ಸ್ಪ್ಯಾನರ್ ಹಿಡಿದುಕೊಂಡಿದ್ದೆ. ನಾಲ್ಕು ಗಂಟೆಗೆ ಆ ಧೋ ನಿಂತಿತು.

ಜೂನ್ 26, ಗುರುವಾರ

ಆಮ್ಲಜನಕ 0.7. ತೊಟ್ಟಿಯಿಂದ ಹೊರಬರುವ ನೀರು 52. ಅದನ್ನು ಊರಿಗೆ ಬಿಡುತ್ತಿಲ್ಲ, ಚರಂಡಿಗೆ. ಇಳಿಯುತ್ತಿದೆ.

ಸಾಹೇಬರು ಬಂದರು. ಎಲ್ಲ ಕೇಳಿಸಿಕೊಂಡು ಬಾಗಿಲು ಹಾಕಿದರು. "ನೋಡಿ, ನಿಮಗೆ ಇನ್ನು ಮೂರು ವರ್ಷ ಸರ್ವಿಸ್ ಇದೆ. ಆತ ಪರೀಕ್ಷೆ ಮೇಲಿರೋ ಮನುಷ್ಯ. ಆತ ಬಂದ ಮೇಲೇ ನೀರು ಕೆಟ್ಟಿದ್ದು ತಾನೆ? ಅಷ್ಟೇ ಬರೀರಿ. ಸುಳ್ಳೇನಲ್ಲವಲ್ಲ."

ಸುಳ್ಳಲ್ಲ. ಅದೇ ಕಷ್ಟ.

ಮನೆಯಲ್ಲಿ ಕೂತು ವರದಿ ಬರೆದೆ. ಸಾಹೇಬರು ಹೇಳಿದ ಹಾಗೆ ಬರೆಯಲಿಲ್ಲ, ಆಪರೇಟರ್ ಹೆಸರು ತರಲಿಲ್ಲ. "ಪೈಪನ್ನು ಕತ್ತರಿಸಲಾಗಿತ್ತು. ಮಾಹಿತಿ ನೀಡುವುದು ತಡವಾಯಿತು. ಅಂಕಿಗಳನ್ನು ತಪ್ಪಾಗಿ ಗ್ರಹಿಸಲಾಯಿತು." ಅಭ್ಯಾಸದಂತೆ ಇವರ ಮುಂದಿಟ್ಟೆ, ಕಾಗುಣಿತ ನೋಡಲಿ ಎಂದು. ಇವರು ಪೆನ್ಸಿಲ್ ತೆಗೆದುಕೊಂಡು ಓದಿದರು. ಒಂದು ಅಕ್ಷರವನ್ನೂ ತಿದ್ದಲಿಲ್ಲ. ಪ್ರತಿ ವಾಕ್ಯದ ಪಕ್ಕದಲ್ಲಿ ಅಂಚಿಗೆ ಸಣ್ಣದಾಗಿ "ಯಾರು?" ಎಂದು ಬರೆದು ವಾಪಸು ಕೊಟ್ಟರು. ಹಾಸ್ಯ ಮಾಡಲಿಲ್ಲ.

ಎಂಟು ಕಡೆ "ಯಾರು?" ಇತ್ತು.

ಮತ್ತೆ ಬರೆದೆ. ನಾನು ಕತ್ತರಿಸಿದೆ. ನಾನು ತಡಮಾಡಿದೆ. 18ನೇ ತಾರೀಖು 56 ಎಂದು ಗೊತ್ತಿದ್ದೂ ನಾನು ಬಚ್ಚಿಟ್ಟೆ. ನನ್ನ ಮೊಮ್ಮಗಳಿಗೆ ನಾನು ಬೇರೆ ನೀರು ಒಯ್ದೆ. ಕೊನೆಯ ವಾಕ್ಯ ಬರೆಯಲು ಎಷ್ಟು ಹೊತ್ತು ಹಿಡಿಯಿತೋ.

ಜೂನ್ 27, ಶುಕ್ರವಾರ

ಮಗಳಿಗೆ ಹೇಳಿದೆ. "ಕೆಳಗಿನ ಮನೆಯವರಿಗೆ ಕೊಟ್ಟಿದ್ದಕ್ಕೆ ನನ್ನನ್ನ ಬೈದೆಯಲ್ಲಮ್ಮ" ಅಂದಳು. ಖಾಲಿ ಕ್ಯಾನುಗಳನ್ನು ತೊಳೆದು ಬಾಗಿಲ ಹೊರಗೆ ಸಾಲಾಗಿ ಇಟ್ಟಿದ್ದಳು. ಎತ್ತಿಕೊಂಡು ಬಂದೆ.

ಜೂನ್ 28, ಶನಿವಾರ

ಆಸ್ಪತ್ರೆಗೆ ಹೋದೆ. ಬರುತ್ತೇನೆ ಎಂದು ಆಪರೇಟರೂ ಬಂದರು. ನಾನು ಕರೆದಿರಲಿಲ್ಲ, ಬೇಡವೆನ್ನಲೂ ಇಲ್ಲ.

ಕೂಸಿಗೆ ಕೊಟ್ಟ ಔಷಧಿಯೇ ನೀಲಿ ಬಣ್ಣದ್ದು, ಆದರೆ ತುಟಿ ಈಗ ಕೆಂಪು. ನಾಳಿದ್ದು ಮನೆಗೆ ಕಳಿಸುತ್ತಾರಂತೆ. ತಾಯಿ ತೀರ ಚಿಕ್ಕವಳು, ಬೂಟಿನ ಅಂಗಡಿಯಲ್ಲಿ ಕೆಲಸ. ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದಳು. ನಾನು ನೀರಿನ ಮನೆಯವಳು ಎಂದು ಹೇಳಿದೆ. ಕೂಸು ಕ್ಷೇಮವಾಗಿದೆಯಲ್ಲ, ದೇವರು ದೊಡ್ಡವನು ಎಂದೇನೋ ಶುರು ಮಾಡಿದೆ. ಅವಳು ತಡೆದಳು.

"ಹೋದ ವಾರ ಶುಕ್ರವಾರ ಎಷ್ಟಿತ್ತು?"

"ಅರವತ್ತನಾಲ್ಕು."

"ಶುಕ್ರವಾರವೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕುದಿಸಿದ್ರೆ ಜಾಸ್ತಿ ಆಗುತ್ತೆ ಅನ್ನೋದೂ?"

"ಅದೂ ಗೊತ್ತಿತ್ತು."

ಅವಳು ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು. ಹೊಡೆಯಬಹುದು ಅನ್ನಿಸಿತು. ಹೊಡೆದರೆ ಹೊಡೆಯಲಿ. "ಗಂಟೆ ನೋಡ್ಕೊಂಡು ಕುದಿಸ್ತಿದ್ದೆ" ಅಂದಳು. "ಅರ್ಧ ಗಂಟೆಗೆ ಒಂದು ನಿಮಿಷ ಕಡಿಮೆ ಮಾಡ್ತಿರ್ಲಿಲ್ಲ." ಆಮೇಲೆ ಗೋಡೆಯ ಕಡೆ ತಿರುಗಿ ನಿಂತಳು. ಆಪರೇಟರ್ ಮೆಲ್ಲಗೆ ನನ್ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಮಂಚದ ಪಕ್ಕದ ಮೇಜಿನ ಮೇಲಿಟ್ಟರು.

ಬಸ್ ನಿಲ್ದಾಣದಲ್ಲಿ ಅವರು ಒಂದು ಪೆಪ್ಪರ್‌ಮಿಂಟು ಕೊಟ್ಟರು. ಸಿಗರೇಟು ಬಿಟ್ಟಾಗಿನಿಂದ ಅಭ್ಯಾಸವಂತೆ.

ಜುಲೈ 8, ಮಂಗಳವಾರ

ಆದೇಶ ಬಂತು. ಪ್ರಯೋಗಾಲಯದ ಮುಖ್ಯಸ್ಥೆಯ ಸ್ಥಾನದಿಂದ ನನ್ನನ್ನು ಇಳಿಸಿದ್ದಾರೆ. ಇನ್ನು ಮುಂದೆ ದಿನದ ಅಂಕಿಗೆ ಎರಡು ಸಹಿ, ನನ್ನದು ಮತ್ತು ಆಪರೇಟರದು. ಅವರನ್ನು ಖಾಯಂ ಮಾಡುವುದು ಬಿಡುವುದು ಆರು ತಿಂಗಳ ಮೇಲೆಯೇ. ಅವರ ಮೇಲಿನ ದೂರನ್ನು ನಾನು ವಾಪಸು ಪಡೆದಿದ್ದರೂ ಫೈಲಿನಲ್ಲಿ ಪ್ರತಿ ಉಳಿಯುತ್ತದಂತೆ. ಅದನ್ನು ಹೇಗೆ ತೆಗೆಸುವುದೋ ತಿಳಿಯದು. ನಾಳೆ ಸಾಹೇಬರ ಕಚೇರಿಗೆ ಮತ್ತೆ ಹೋಗಬೇಕು.

ನೈಟ್ರೇಟ್ 21. ಇವತ್ತಿನಿಂದ ತೊಟ್ಟಿಯ ನೀರು ಊರಿಗೆ. ಮೊದಲ ಅಂಕಿಯನ್ನು ನಾನು ನೋಡಿದೆ, ಎರಡನೆಯದನ್ನು ಅವರು. ಬಣ್ಣ ನೋಡಿ ಅಂಕಿ ಹೇಳುವುದನ್ನು ಕಲಿಸಿಕೊಟ್ಟೆ. ಅತ್ತಿಗೆಯ ಹತ್ತಿರ ಈಗಾಗಲೇ ಕಲಿತಿದ್ದರೂ ಸುಮ್ಮನೆ ಕೇಳಿಸಿಕೊಂಡರು ಎಂದು ಆಮೇಲೆ ಗೊತ್ತಾಯಿತು.

ಜುಲೈ 14, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್.

"ಇವತ್ತು ಎಷ್ಟು?"

ದನಿ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಬೂಟಿನ ಅಂಗಡಿಯ ಹುಡುಗಿ.

"ಹತ್ತೊಂಬತ್ತು" ಎಂದೆ. "ಈಗಷ್ಟೇ ನೋಡಿದ್ದು."

ಅವಳ ಹಿಂದೆ ಕೂಸು ಹಸಿದು ರಾಗ ಎಳೆಯುತ್ತಿತ್ತು.

"ನಿಮ್ಮ ಜೊತೆ ಅವತ್ತು ಇನ್ನೊಬ್ರು ಬಂದಿದ್ರಲ್ಲ" ಎಂದಳು. "ಅವರ ಬಾಯಲ್ಲಿ ಹೇಳಿಸಿ."

ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಹೋದೆ. ಅವರು ತೊಟ್ಟಿಯ ಕಟ್ಟೆಯ ಮೇಲೆ ಕೂತು ಮೀಟರಿನ ತಂತಿ ಒರೆಸುತ್ತಿದ್ದರು. ಫೋನ್ ಕೊಟ್ಟೆ. ಅವರು ನನ್ನ ಅಂಕಿಯನ್ನು ಹೇಳಲಿಲ್ಲ. ಎದ್ದು ಒಳಗೆ ಬಂದು, ಊರಿನ ಲೈನಿನಿಂದ ಹೊಸದಾಗಿ ನೀರು ಹಿಡಿದು, ರಾಸಾಯನಿಕ ಹಾಕಿ, ಗಡಿಯಾರ ನೋಡುತ್ತ ನಿಂತರು. ಹತ್ತು ನಿಮಿಷ. ಅವಳು ಫೋನ್ ಇಡಲಿಲ್ಲ. ಕೂಸಿನ ಅಳು ಜೋರಾಯಿತು. ಅವಳು ಅದನ್ನು ಸಮಾಧಾನ ಮಾಡುತ್ತಿದ್ದಳೇ ಹೊರತು ಪುಡಿಹಾಲಿಗೆ ನೀರು ಹಿಡಿದ ಸದ್ದು ಬರಲಿಲ್ಲ.

ಅವರು ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಫೋನ್ ತೆಗೆದುಕೊಂಡು, "ಹತ್ತೊಂಬತ್ತು, ತಾಯಿ" ಎಂದರು.

ಆ ಕಡೆ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.